ತಲೆಗೆ 16, ಮೀನಖಂಡಕ್ಕೆ 44

ಮಗಳ ಕರಾಟೆ ಕ್ಲಾಸು ಸಂಜೆ ಐದೂವರೆಗೆ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ. ಅವಳನ್ನು ಬಿಟ್ಟು ಮನೆಗೆ ಹೋಗಿ ಮತ್ತೆ ಬರುವಷ್ಟರಲ್ಲಿ ಕ್ಲಾಸೇ ಮುಗಿದಿರುತ್ತೆ. ಹಾಗಾಗಿ ನಾವು ಏಳೆಂಟು ಜನ ಅಪ್ಪ ಅಮ್ಮಂದಿರು ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಾ ಕೂರುತ್ತಿದ್ದೆವು. ಹೆಚ್ಚೂ ಕಡಿಮೆ ಒಂದು ವರ್ಷ ಹಾಗೇ ಕೂತಿದ್ದೆ. ಒಂದು ದಿನ ಸರ್ ಮಕ್ಕಳಿಗೆ 'ಗೆದಾನ್ ಬರಾಯ್' ಅಂತ ಕೂಗಿದರು, ಅಂದರೆ ಕೈಯನ್ನು ಕೆಳಗೆ ಬೀಸಿ ಹೊಡೆತ ತಡೆಯುವುದು. ಕುರ್ಚಿಯಲ್ಲಿದ್ದ ನನ್ನ ಎಡಗೈ ತಾನಾಗಿಯೇ ಬಲಭುಜದ ಹತ್ತಿರ ಹೋಗಿ ಜೋರಾಗಿ ಕೆಳಗೆ ಬಂತು. ಪಕ್ಕದವರ ಬ್ಯಾಗು ನೆಲಕ್ಕೆ ಬಿತ್ತು.

ನಾನು ಕರಾಟೆ ಕಲಿತದ್ದು ಶಿವಮೊಗ್ಗದಲ್ಲಿ, 1993ರಿಂದ 98ರವರೆಗೆ. ಶಂಕರ್‌ನಾಗ್ ತೀರಿಕೊಂಡು ಆಗ ಮೂರು ವರ್ಷ ಆಗಿತ್ತು. ಆದರೂ ನಮ್ಮೂರಿನ ಆಟೋಗಳ ಹಿಂದೆ ಅವರದೇ ಚಿತ್ರ, ಕೆಳಗೆ ಕರಾಟೆ ಕಿಂಗ್ ಅನ್ನೋ ಬರಹ. ಅದನ್ನು ನೋಡಿಯೇ ನಮ್ಮ ಬೀದಿಯ ಅರ್ಧ ಮಕ್ಕಳು ಕ್ಲಾಸಿಗೆ ಸೇರಿದ್ದು. ಶಾಲೆ ಮೈದಾನ, ಬೆಳಗ್ಗೆ ಆರು ಗಂಟೆ, ಬರಿಗಾಲು, ಕಾಲಿಗೆ ಚುಚ್ಚುವ ಜಲ್ಲಿ. ಹೇಳಿಕೊಡುವವರನ್ನು ಮಾಸ್ಟರ್ ಅನ್ನುತ್ತಿದ್ದೆವು. ಈಗಿನ ಮಕ್ಕಳು ಸೆನ್ಸೇ ಅಂತಾರೆ, ಅವರು ಆಚೆ ಹೋದ ಮೇಲೆ ಸರ್ ಅಂತಾರೆ. ಗ್ರೀನ್ ಬೆಲ್ಟ್ ತನಕ ಬಂದಿದ್ದೆ. ಪಿಯುಸಿ ಬಂತು, ಟ್ಯೂಷನ್ ಬಂತು, ಬಿಟ್ಟೆ. ಸರ್ಟಿಫಿಕೇಟು ತವರುಮನೆಯ ಟ್ರಂಕಿನಲ್ಲಿತ್ತು. ಅದನ್ನು ಗೆದ್ದಲು ತಿಂದು ಎಷ್ಟು ವರ್ಷ ಆಯಿತೋ.

ಬ್ಯಾಗ್ ಬಿದ್ದ ದಿನ ರಾತ್ರಿ ಕುಕ್ಕರ್ ಕೂಗುವುದನ್ನು ಕಾಯುತ್ತಾ ಹಾಲ್‌ನಲ್ಲಿ ಹೆಯಾನ್ ಶೋದಾನ್ ಮಾಡಿ ನೋಡಿದೆ. ಶೋಟೊಕಾನ್ ಅನ್ನೋ ಕರಾಟೆ ಶೈಲಿಯಲ್ಲಿ ಸಾಮಾನ್ಯವಾಗಿ ಮೊದಲು ಕಲಿಯುವ ಕಾಟಾ ಅದು, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ. ಒಟ್ಟು 21 ಚಲನೆ. ಎಡಕ್ಕೆ ತಿರುಗು, ತಡೆ, ಹೆಜ್ಜೆ ಹಾಕಿ ಗುದ್ದು. ಒಂದೊಂದೂ ಬಂತು! ಆಶ್ಚರ್ಯ ಅಂದರೆ ನನಗೆ ನೆನಪಿರಲಿಲ್ಲ, ಕಾಲಿಗೆ ನೆನಪಿತ್ತು. ಮುಂದೆ ಏನು ಅಂತ ಯೋಚಿಸಿದರೆ ತಪ್ಪುತ್ತಿತ್ತು, ಸುಮ್ನೆ ಬಿಟ್ಟರೆ ಹೋಗುತ್ತಿತ್ತು. ಈ ಕಾಟಾದಲ್ಲಿ ಬಲ ಹಾಕುವಾಗ ಎರಡು ಸಲ ಜೋರಾಗಿ ಕಿರುಚಬೇಕು. ಎರಡನೇ ಸಲ ಕಿರುಚುವ 17ನೇ ಚಲನೆವರೆಗೆ ಹೀಗೇ ಬಂದು ನಿಂತುಬಿಟ್ಟೆ. ಅಲ್ಲಿಂದ ಎಡಕ್ಕೆ ಮುಕ್ಕಾಲು ಸುತ್ತು ತಿರುಗಿ, ಭಾರವನ್ನು ಹಿಂದಿನ ಕಾಲಿಗೆ ಹಾಕಿ, ಕತ್ತಿಯ ಹಾಗೆ ಕೈ ಹಿಡಿಯಬೇಕು. ಕೊನೆಯ ಆ ನಾಲ್ಕು ಚಲನೆ ಪೂರ್ತಿ ಅಳಿಸಿಹೋಗಿತ್ತು. ಮಗಳು ಹೋಂವರ್ಕ್ ಬಿಟ್ಟು ಬಂದು ತೋರಿಸಿಕೊಟ್ಟಳು. ಅವಳಿಗೆ ಹತ್ತು ವರ್ಷ, ಆರೆಂಜ್ ಬೆಲ್ಟು.

ಮುಂದಿನ ತಿಂಗಳು ಸೇರಿದೆ. ಸರ್‌ಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. "ಹಳೇ ಬೆಲ್ಟೇ ಹಾಕ್ಕೊಳ್ಳಿ ಮೇಡಂ, ಪರವಾಗಿಲ್ಲ" ಅಂದರು. ನಾನು ಬಿಳಿಯದೇ ಕೇಳಿದೆ. ವಿನಯ ಅಂದುಕೊಳ್ಳಬೇಡಿ. ಗ್ರೀನ್ ಬೆಲ್ಟ್ ಕಟ್ಟಿದರೆ ಗ್ರೀನ್ ಬೆಲ್ಟಿನವರು ಮಾಡುವುದನ್ನೆಲ್ಲ ಮಾಡಬೇಕಾಗುತ್ತೆ ಅನ್ನೋ ಹೆದರಿಕೆ. ನಮ್ಮಲ್ಲಿ ಬೆಲ್ಟಿನ ಪ್ರಕಾರ ಬಲದಿಂದ ಎಡಕ್ಕೆ ಸಾಲು. ಹೀಗೆ ಎಡ ತುದಿಯಲ್ಲಿ, ಏಳು ವರ್ಷದ ಇಬ್ಬರು ಹುಡುಗರ ಪಕ್ಕ ನನ್ನ ಜಾಗ. ಮಗಳು ನನಗಿಂತ ಒಂಬತ್ತು ಜನ ಆಚೆ. ಅತ್ತೆ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಈ ವಯಸ್ಸಲ್ಲಿ ಯಾರಿಗೆ ಹೊಡೀಬೇಕಮ್ಮ ನೀನು?"

ಮೊದಲ ಎರಡು ವಾರ ಮೈಕೈ ನೋವು ಬಿಟ್ಟರೆ ಎಲ್ಲ ಚೆನ್ನಾಗಿತ್ತು. ತೊಂದರೆ ಆಗಿದ್ದೇ ಅದರಿಂದ. ಮೂರನೇ ವಾರ ಜೋಡಿ ಅಭ್ಯಾಸ. ಎದುರಿಗೆ ಹೈಸ್ಕೂಲ್ ಹುಡುಗಿ. ಅವಳು ಸ್ವಲ್ಪ ಹಿಂದೆ ಸರಿದಳು. ನನಗೆ ಜಾಗ ಕಂಡಿತು. ಹಿಂದಿನ ಬಲಗಾಲನ್ನು ನೆಲಕ್ಕೆ ಒತ್ತಿ ಹಾರಿ, ಗ್ಯಾಕು ಝುಕಿ, ಅಂದರೆ ಹಿಂದಿನ ಕೈಯ ಗುದ್ದು. ಶಿವಮೊಗ್ಗದಲ್ಲಿ ಅದೇ ನನ್ನ ಇಷ್ಟದ ಹೊಡೆತ. ಹಾರಿದ್ದು ನಿಜ. ಆದರೆ ಯಾರೋ ಹಿಂದಿನಿಂದ ಮೀನಖಂಡಕ್ಕೆ ಕಲ್ಲಲ್ಲಿ ಹೊಡೆದ ಹಾಗಾಯಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಮೀನಖಂಡದ ಒಳಗಡೆ ಸ್ನಾಯು ಸ್ವಲ್ಪ ಹರಿದಿತ್ತು. ಟೆನ್ನಿಸ್ ಲೆಗ್ ಅಂತಾರಂತೆ, ನಲವತ್ತು ದಾಟಿ ಮತ್ತೆ ಮೈದಾನಕ್ಕಿಳಿಯುವವರಿಗೆ ಬರುವ ಮಾಮೂಲಿ ಪೆಟ್ಟು. ಕಲ್ಲು ಹೊಡೆದ ಹಾಗೆ ಅನ್ನಿಸಿತು ಅಂತಲೇ ಎಲ್ಲರೂ ಹೇಳುತ್ತಾರೆ ಎಂದು ಫಿಸಿಯೋಥೆರಪಿಸ್ಟ್ ನಕ್ಕರು. ನಾನು ಹೊಸಬಳಾಗಿದ್ದರೆ ಆ ಪೆಟ್ಟು ಆಗುತ್ತಿರಲಿಲ್ಲ. ಹೊಸಬರಿಗೆ ಹಾಗೆ ಹಾರೋದು ಗೊತ್ತೇ ಇರಲ್ಲ. ನನ್ನ ತಲೆಗೆ ಹದಿನಾರರ ಹುಡುಗಿಯ ಹಾರುವಿಕೆ ಪೂರ್ತಿ ನೆನಪಿತ್ತು, ಮೀನಖಂಡಕ್ಕೆ ಮಾತ್ರ ಇಪ್ಪತ್ತೇಳು ವರ್ಷ ಆಫೀಸ್ ಕುರ್ಚಿ, ಸ್ಕೂಟರು, ಅಡುಗೆಮನೆ. ಕಲಿತ ಚಲನೆ ಸೈಕಲ್ ಹೊಡೆದ ಹಾಗೆ, ಮರೆಯಲ್ಲ. ಸ್ನಾಯು, ಅದನ್ನು ಮೂಳೆಗೆ ಕಟ್ಟುವ ನರದಂಥ ಹುರಿ, ಇವೆಲ್ಲ ಬಳಸದಿದ್ದರೆ ಬಲ ಕಳೆದುಕೊಳ್ಳುತ್ತವೆ. ಮತ್ತೆ ಸೇರಿದಾಗ ಸ್ನಾಯು ಬೇಗ ಏಳುತ್ತೆ, ಹುರಿಗೆ ತಿಂಗಳುಗಳು ಬೇಕು. ಎರಡೇ ವಾರದಲ್ಲಿ ನನಗೆ ಹುಮ್ಮಸ್ಸು ಬಂದಿದ್ದು ಅದಕ್ಕೇ.

"ಬೇಕಿತ್ತಾ ಇದು ನಿಂಗೆ?" ಅಂದರು ನನ್ನ ಗಂಡ, ಐಸ್ ಹಿಡಿದುಕೊಂಡು. ಆರು ವಾರ ಮತ್ತೆ ಪ್ಲಾಸ್ಟಿಕ್ ಕುರ್ಚಿ.

ಆಮೇಲೆ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ನೋವು ಇಳಿದ ಮೇಲೆ, ಫಿಸಿಯೋ ಹೇಳಿದ ಹಾಗೆ, ನೆಲದ ಮೇಲೆ ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಹದಿನೈದು ಸಲ, ಮೂರು ಸುತ್ತು. ಅದು ಸಲೀಸಾದ ಮೇಲೆ ಮೆಟ್ಟಿಲ ಅಂಚಲ್ಲಿ ಮುಂಗಾಲಿನ ಮೇಲೆ ನಿಂತು, ಎರಡು ಕಾಲಲ್ಲಿ ಏರಿ, ಬಲಗಾಲೊಂದರಲ್ಲೇ ನಿಧಾನಕ್ಕೆ ಇಳಿಯುವುದು. ಏರೋದಕ್ಕಿಂತ ಇಳಿಯೋದೇ ಮುಖ್ಯ. ಇದಕ್ಕೆ ಅಂತ ಸಮಯ ಇಟ್ಟುಕೊಂಡಿದ್ದರೆ ಒಂದು ವಾರವೂ ನಡೆಯುತ್ತಿರಲಿಲ್ಲ. ಬೆಳಗ್ಗೆ ಹಾಲು ಉಕ್ಕುವವರೆಗೆ ಹಿತ್ತಲ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಎರಡು ಸಲ ಹಾಲು ಉಕ್ಕಿ ಚೆಲ್ಲಿತು, ಅಷ್ಟೇ. ಕುರ್ಚಿಯಿಂದ ಕೈ ಊರದೆ ಏಳೋದು, ಕೂರೋದು. ಮಗಳನ್ನು ಬಿಡಲು ಹೋಗುವಾಗ ಸ್ಕೂಟರ್ ಬಿಟ್ಟು ನಡಿಗೆ.

ಕ್ಲಾಸಿಗೆ ವಾಪಸ್ ಹೋದ ಮೇಲೆ ಮಂಗಳವಾರ, ಶುಕ್ರವಾರ ಮಾತ್ರ. ಮಕ್ಕಳು ವಾರಕ್ಕೆ ನಾಲ್ಕು ದಿನ ಬರುತ್ತಾರೆ, ಬರಲಿ. ಅವರು ಓಡಿ ಬಿದ್ದು ಎದ್ದು ಮತ್ತೆ ಓಡುತ್ತಾರೆ. ನನಗೆ ಒಂದು ಕ್ಲಾಸಿನ ಆಯಾಸ ಕಳೆಯಲು ಎರಡು ರಾತ್ರಿ ನಿದ್ದೆ ಬೇಕು. ಹತ್ತು ನಿಮಿಷ ಮೊದಲೇ ಹೋಗಿ ನಾನೊಬ್ಬಳೇ ಮೈ ಬಿಸಿ ಮಾಡಿಕೊಳ್ಳುತ್ತೇನೆ. ತಣ್ಣಗಿರುವ ಕಾಲನ್ನು ಮೊದಲಿಗೇ ಎಳೆದು ಹಿಡಿಯೋದು ಬಿಟ್ಟಿದ್ದೇನೆ. ನಮ್ಮ ಕಾಲದಲ್ಲಿ ಮಾಸ್ಟರ್ ಬೆನ್ನ ಮೇಲೆ ಒತ್ತಿ ಬಗ್ಗಿಸುತ್ತಿದ್ದರು, ಈಗ ಅದನ್ನು ನೆನೆದರೆ ಬೆವರುತ್ತೆ. ಆರು ತಿಂಗಳು ಸೊಂಟಕ್ಕಿಂತ ಮೇಲೆ ಯಾವ ಕಿಕ್ಕೂ ಹೊಡೆಯಲಿಲ್ಲ.

ಮಾವಾಶಿ ಗೇರಿ ಬಗ್ಗೆ ಒಂದು ಮಾತು. ಪಕ್ಕದಿಂದ ಬೀಸಿ ಹೊಡೆಯುವ ಕಿಕ್ಕು ಅದು. ಎಲ್ಲರೂ ಎತ್ತುವ ಕಾಲನ್ನೇ ನೋಡುತ್ತಾರೆ. ಮಂಡಿ ಹಾಳಾಗೋದು ನೆಲದ ಮೇಲಿರುವ ಕಾಲಿನಲ್ಲಿ. ಸೊಂಟ ತಿರುಗುವಾಗ ಆ ಪಾದವೂ ತಿರುಗಬೇಕು, ಹಿಮ್ಮಡಿ ಎದುರಾಳಿಯ ಕಡೆಗೆ ಬರಬೇಕು. ಶಿವಮೊಗ್ಗದ ಮಣ್ಣಲ್ಲಿ ಪಾದ ತಾನೇ ಜಾರಿ ತಿರುಗುತ್ತಿತ್ತು. ಇಲ್ಲಿ ನೀಲಿ ಕೆಂಪು ಮ್ಯಾಟು, ಬೆವರಿದ ಪಾದ ಅದಕ್ಕೆ ಅಂಟಿಕೊಳ್ಳುತ್ತೆ. ಪಾದ ನಿಂತು ಸೊಂಟ ತಿರುಗಿದರೆ ನಡುವೆ ಸಿಕ್ಕಿ ನುಲಿಯುವುದು ಮಂಡಿ. ಅದಕ್ಕೇ ನಾನು ಮೊದಲು ಪಾದ ತಿರುಗಿಸಿ ಇಟ್ಟು, ಆಮೇಲೆ ಕಾಲೆತ್ತುತ್ತೇನೆ. ನೋಡೋಕೆ ನಿಧಾನ. ಮಗಳು "ಅಮ್ಮಾ, ನೀನು ಹೊಡಿಯೋ ಮೊದ್ಲೇ ಎಲ್ರಿಗೂ ಗೊತ್ತಾಗುತ್ತೆ" ಅಂತಾಳೆ. ಗೊತ್ತಾಗಲಿ ಬಿಡು.

ಮುಂದಿನದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೆತ್ತವರಿಗೆ ಗೊತ್ತಿರುತ್ತೆ, ಯಾರೂ ಹೇಳಲ್ಲ. ಸೇರಿದ ಮೊದಲ ದಿನ ಇಪ್ಪತ್ತು ಜಂಪಿಂಗ್ ಜ್ಯಾಕ್ಸ್ ಮಾಡಿಸಿದರು. ಹನ್ನೆರಡಕ್ಕೆ ಪ್ಯಾಂಟ್ ಒದ್ದೆ ಆಗೋಕೆ ಶುರು. ಬಿಳಿ ಪ್ಯಾಂಟು ಬೇರೆ. ಶೂ ಲೇಸ್ ನೆಪವೂ ಇಲ್ಲ, ಬರಿಗಾಲು! ನೀರು ಕುಡಿದು ಬರುತ್ತೇನೆ ಅಂತ ಓಡಿದೆ. ಕಿರುಚುವಾಗಲೂ ಅದೇ ಕಥೆ, ಹಾಗಾಗಿ ಸುಮ್ನೆ ಬಾಯಿ ಮಾತ್ರ ಆಡಿಸುತ್ತಿದ್ದೆ. ಕಾಲಿಗೆ ಅಂತ ಫಿಸಿಯೋ ಹತ್ತಿರ ಹೋದಾಗ ಧೈರ್ಯ ಮಾಡಿ ಇದನ್ನೂ ಹೇಳಿದೆ. ಹೆರಿಗೆಯಲ್ಲಿ ಮೂತ್ರ ತಡೆಯುವ ಕಡೆಯ ಸ್ನಾಯು ಸಡಿಲ ಆಗಿರುತ್ತೆ, ವ್ಯಾಯಾಮದಿಂದ ಎಷ್ಟೋ ಜನಕ್ಕೆ ಸರಿಹೋಗುತ್ತೆ ಅಂದರು. ಮೂತ್ರ ಬಂದಾಗ ತಡೆಯುವ ಹಾಗೆ ಒಳಗೆ ಎಳೆದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲ ಬಿಡುವುದು. ಇದನ್ನು ಮೂತ್ರ ಮಾಡುವಾಗ ಅಭ್ಯಾಸ ಮಾಡಬಾರದು. ಉಸಿರು ಕಟ್ಟಬಾರದು, ಬಲ ಹಾಕುವಾಗ ಉಸಿರು ಹೊರಗೆ ಹೋಗಬೇಕು. ಅದನ್ನು ಕೇಳಿ ನಗು ಬಂತು. ಗುದ್ದುವಾಗ ಕಿರುಚು ಅಂತ ಕರಾಟೆಯಲ್ಲಿ ಹೇಳೋದೂ ಅದನ್ನೇ ಅಲ್ವಾ? ಮೂರು ತಿಂಗಳಾದ ಮೇಲೆ ಒಂದು ಶುಕ್ರವಾರ ನಿಜವಾಗಿ ಕಿರುಚಿದೆ. ಪಕ್ಕದ ಏಳು ವರ್ಷದ ಹುಡುಗ ಬೆಚ್ಚಿ ನನ್ನ ಕಡೆ ತಿರುಗಿದ. ಹಾರುವುದು ಮಾತ್ರ ಇನ್ನೂ ಕಮ್ಮಿ, ಜಾಗದಲ್ಲೇ ಕಾಲು ಎತ್ತಿ ಇಡುತ್ತೇನೆ. ಸರ್ ಕಾರಣ ಕೇಳಲಿಲ್ಲ.

ಸೋತಿದ್ದು ಅಂದರೆ ಸೇಜಾ ಮುಂದೆ. ಕ್ಲಾಸಿನ ಶುರುವಿಗೆ, ಕೊನೆಗೆ ಮಂಡಿಯೂರಿ ಹಿಮ್ಮಡಿ ಮೇಲೆ ಕೂತು ನಮಸ್ಕಾರ ಮಾಡಬೇಕು. ಚಕ್ಕಲಮಕ್ಕಲ ಹಾಕಿ ಎರಡು ಗಂಟೆ ಬೇಕಾದರೂ ಕೂರಬಲ್ಲೆ, ಊಟವೇ ಹಾಗೆ ಮಾಡಿದ್ದು. ಇದು ಬೇರೆ ಲೆಕ್ಕ. ಈಗ ಹಿಮ್ಮಡಿಗೂ ತೊಡೆಗೂ ನಡುವೆ ಮಡಿಸಿದ ಟವೆಲ್ ಇಟ್ಟುಕೊಳ್ಳುತ್ತೇನೆ.

ಮಕ್ಕಳ ಕಾಟಾ ಕಲಿಯೋಕೆ ನಾಚಿಕೆ ಆಗಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ಹೆಯಾನ್ ಕಾಟಾಗಳು ಮಕ್ಕಳವೇ. ಓಕಿನಾವಾದಲ್ಲಿ ಇತೊಸು ಅನ್ನುವವರು ಇವನ್ನು ಶಾಲೆಯ ಪಾಠಕ್ಕೆ ಅಂತ ರೂಪಿಸಿ ನೂರು ವರ್ಷದ ಮೇಲಾಯಿತು. ಆಗ ಹೆಸರು ಪಿನಾನ್ ಅಂತಿತ್ತು, ಅದನ್ನು ಹೆಯಾನ್ ಮಾಡಿದ್ದು ಶೋಟೊಕಾನ್ ಶೈಲಿಯ ಮೂಲಗುರು ಫುನಾಕೋಶಿ. ಅವರು ಶಾಲಾ ಮೇಷ್ಟ್ರು. 1868ರಲ್ಲಿ ಹುಟ್ಟಿ, 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ತೋರಿಸಿ ಅಲ್ಲೇ ಹೇಳಿಕೊಡಲು ಉಳಿದರು. ಲೆಕ್ಕ ಹಾಕಿ, ಐವತ್ತು ದಾಟಿತ್ತು. ಇದನ್ನು ಅತ್ತೆಗೂ ಹೇಳಿದೆ. "ಅವರಿಗೆ ಅಡುಗೆ ಮಾಡೋಕೆ ಇದ್ದಿರಬೇಕು ಯಾರಾದರೂ" ಅಂದರು. ಆದರೆ ಮಂಗಳವಾರ, ಶುಕ್ರವಾರ ರಾತ್ರಿಯ ಸಾರು ಈಗ ಅವರೇ ಮಾಡುತ್ತಾರೆ, ಕೇಳದೆ.

ಈಗ ಒಂದು ವರ್ಷ ಎರಡು ತಿಂಗಳು. ಹಳದಿ ಬೆಲ್ಟು ಬಂದಿದೆ. ಹೆಯಾನ್ ಶೋದಾನ್ ಮುಗಿಯುವಾಗ ಶುರು ಮಾಡಿದ ಜಾಗಕ್ಕೇ ಬಂದು ನಿಲ್ಲಬೇಕು. ಮಗಳು ಹಾಲ್‌ನ ಕೆಂಪು ನೆಲದ ಮೇಲೆ ಬಳಪದಲ್ಲಿ ಒಂದು ಗೆರೆ ಹಾಕಿದ್ದಾಳೆ. ಮೊದಲು ನಾನು ಗೆರೆಗಿಂತ ಎರಡು ಹೆಜ್ಜೆ ಮುಂದೆ, ಹೆಚ್ಚೂ ಕಡಿಮೆ ಟಿವಿಗೆ ತಾಗಿ ಮುಗಿಸುತ್ತಿದ್ದೆ. ಯಾಕೆ ಅಂತ ಅವಳೇ ಕಂಡುಹಿಡಿದಳು. ಮುಂದೆ ಹೋಗುವ ಮೂರು ಹೆಜ್ಜೆ ಉದ್ದ ಹಾಕುತ್ತೇನೆ. ವಾಪಸ್ ಬರುವ ಮೂರು ಹೆಜ್ಜೆ ಹೊತ್ತಿಗೆ ಉಸಿರು ಹೋಗಿರುತ್ತೆ, ತೊಡೆ ನಡುಗುತ್ತಿರುತ್ತೆ, ಹೆಜ್ಜೆ ಗಿಡ್ಡ ಆಗುತ್ತೆ. ನಿನ್ನೆ ರಾತ್ರಿ ಮಾಡಿದಾಗ ಗೆರೆಗೂ ನನ್ನ ಕಾಲಿಗೂ ಎಷ್ಟು ದೂರ ಅಂತ ಅವಳು ಬಗ್ಗಿ ಕೈಯಲ್ಲಿ ಅಳೆದಳು. ಅವಳ ಗೇಣಲ್ಲಿ ಒಂದೂವರೆ.