ಗೆರೆಯ ಮೇಲೆ ಕುಣಿದೆವು, ಗೆರೆ ಸರಿಯಿತು

ಕುಣಿದರೆ ಕೇರಿ ಉಳಿಯುತ್ತದೆಯೇ ಎಂದು ನಮ್ಮನ್ನು ಕಂಡು ಮೂಗು ಮುರಿದಿದ್ದ ಹಿರಿಯ ಹೋರಾಟಗಾರರೊಬ್ಬರು ಮೊನ್ನೆ ಫೋನ್ ಮಾಡಿ, "ಆ ರಂಗೋಲಿ ಗೆರೆ ಹೇಗೆ ಎಳೆದಿರಿ, ಸ್ವಲ್ಪ ಬರೆದು ಕೊಡಿ" ಎಂದರು. ಒಂದೂವರೆ ವರ್ಷ ಕಾದಿದ್ದ ಮಾತು ಅದು. ರಸ್ತೆ ಅಗಲೀಕರಣದ ನಕ್ಷೆಯಲ್ಲಿ ಸಿಕ್ಕಿಕೊಂಡ ನಮ್ಮ ಕೇರಿಯನ್ನು ಬ್ರೇಕಿಂಗ್, ಅಂದರೆ ಬ್ರೇಕ್ ಡಾನ್ಸ್, ಕುಣಿದು ಉಳಿಸಲು ಹೊರಟ ತಂಡ ನಮ್ಮದು. ಬರೆಯುತ್ತೇನೆ. ತಂಡ ಕಟ್ಟುವುದು, ಹೆಜ್ಜೆ ಕೂಡಿಸುವುದು, ಸೈಫರ್ (ವೃತ್ತದಲ್ಲಿ ನಿಂತು ಒಬ್ಬೊಬ್ಬರಾಗಿ ನಡುವೆ ಬಂದು ಕುಣಿಯುವುದು) ನಡೆಸುವುದು ಕುಣಿಯುವವರಿಗೆ ಗೊತ್ತಿರುವಂಥವೇ, ಅವನ್ನು ಬಿಡುತ್ತೇನೆ.

ನಮ್ಮದು ಹಳೆಯ ಶಿವಮೊಗ್ಗದಲ್ಲಿ, ತುಂಗೆಗೆ ಹತ್ತಿರದ ಕೇರಿ. ಯೋಜನೆಯ ಆಕ್ಷೇಪಣೆಗಳ ವಿಚಾರಣೆ ಇನ್ನೂ ಪೂರ್ತಿ ಮುಗಿದಿಲ್ಲ, ಹೆಸರು ಬೇಡ. ಅರವತ್ತರ ಆಸುಪಾಸು ಮನೆಗಳು, ನಡುವೆ ಬಾವಿ, ಅರಳಿಕಟ್ಟೆ, ಕಟ್ಟೆಯ ಮುಂದೆ ಒಂದು ಬಯಲು. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ನಕ್ಷೆ, ಅಗಲೀಕರಣ ಎಂಬ ಮಾತುಗಳು ಚಹಾ ಅಂಗಡಿಗೂ ಬಂದಿದ್ದವು. ನಮ್ಮ ಪಾಲಿಗೆ ಬಂದ ಯೋಜನೆ ಅದರದ್ದಲ್ಲ, ಬೇರೆಯದು: ರಸ್ತೆ ಅಗಲವಾಗಬೇಕು, ಬಯಲಿನಲ್ಲಿ ಕೆಳಗೆ ವಾಹನ ನಿಲುಗಡೆ, ಮೇಲೆ ಮಳಿಗೆಗಳು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಸರ್ಕಾರಿ ಕಚೇರಿಯೊಂದರ ಮುಂದೆ ಕುಣಿತದ ಪ್ರತಿಭಟನೆ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಧ್ವನಿವರ್ಧಕದ ಅನುಮತಿ ಎಲ್ಲಿ ಎಂದು ಕೇಳಿ ನಿಲ್ಲಿಸಿದರು. ಮರುದಿನ ಪತ್ರಿಕೆಯ ಒಳಪುಟದಲ್ಲಿ ಬಂದದ್ದು ಯುವಕರ ನೃತ್ಯ ಜನರನ್ನು ರಂಜಿಸಿತು ಎಂಬ ಸುದ್ದಿ. ಕೇರಿಯ ಹೆಸರೂ ಇರಲಿಲ್ಲ. ಆಮೇಲೆ ಬೀದಿ ನಾಟಕದ ಧಾಟಿಯಲ್ಲಿ ಒಂದು ಕಥೆ ಕಟ್ಟಿದೆವು. ಗುತ್ತಿಗೆದಾರನ ವೇಷಕ್ಕೆ ಜನ ಹೊಟ್ಟೆ ತುಂಬ ನಕ್ಕರು, ಚಪ್ಪಾಳೆ ಹೊಡೆದರು, ಮನೆಗೆ ಹೋದರು. ಅಲ್ಲಿಗೆ ಮುಗಿಯಿತು.

ಕೈ ಸುಟ್ಟದ್ದು ಧ್ವನಿವರ್ಧಕದಲ್ಲಿ. ಒಂದು ಸಂಜೆಗೆ ಬಾಡಿಗೆ ಮೂರೂವರೆ ಸಾವಿರ, ಜನರೇಟರ್ ಬೇರೆ. ಎರಡು ಸಲ ಮಳೆ ಬಂದು ಬಾಡಿಗೆ ಹೋಯಿತು, ಕಾರ್ಯಕ್ರಮ ಆಗಲಿಲ್ಲ. ಕೊನೆಗೆ ಒಂಬತ್ತು ಸಾವಿರದ ಹತ್ತಿರ ಕೊಟ್ಟು ಬ್ಯಾಟರಿಯ ಸ್ಪೀಕರ್ ಕೊಂಡೆವು. ಮೊದಲೇ ಕೊಂಡಿದ್ದರೆ ಎಂದು ಯಾರೂ ಹೇಳಬೇಡಿ, ಆಗ ಡಬ್ಬಿಯಲ್ಲಿ ಒಂಬೈನೂರೂ ಇರಲಿಲ್ಲ. ನೆಲಕ್ಕೆ ಚುನಾವಣೆಯ ಹಳೆಯ ಫ್ಲೆಕ್ಸ್ ತಿರುಗಿಸಿ ಹಾಸಿದೆವು. ಬಿಸಿಲಿನಲ್ಲಿ ಚೆನ್ನ, ಇಬ್ಬನಿ ಬಿದ್ದರೆ ಪಾಚಿ ಹಿಡಿದ ಕಲ್ಲು. ಒಬ್ಬ ಹುಡುಗನ ಮಣಿಕಟ್ಟು ಉಳುಕಿ ಆರು ವಾರ ಕೂತ. ಆಮೇಲೆ ನಾಲ್ಕು ಪ್ಲೈವುಡ್ ಹಲಗೆ, ಎಂಟಕ್ಕೆ ನಾಲ್ಕು ಅಡಿಯವು, ಒಂದೊಂದಕ್ಕೆ ಸಾವಿರದ ಐನೂರರ ಮೇಲೆ. ಕುಣಿಯಲಾರದವರು ನೆಲ ಡೊಂಕು ಎಂದರಂತೆ. ನಮ್ಮ ಬಯಲು ನಿಜವಾಗಿಯೂ ಡೊಂಕು, ಬಾವಿಯ ಕಡೆಗೆ ಒಂದು ಗೇಣು ಇಳಿಜಾರು. ಹಲಗೆಯ ಅಡಿಗೆ ಸೈಕಲ್ ಟಯರಿನ ತುಂಡು ಕೊಟ್ಟು ಸಮ ಮಾಡಿದೆವು.

ಈ ಹಣವೆಲ್ಲ ಮದುವೆ ಮತ್ತು ಗಣಪತಿ ಮೆರವಣಿಗೆಗಳಿಂದ ಬಂದದ್ದು. ಒಂದು ಮೆರವಣಿಗೆಗೆ ಹನ್ನೆರಡು ಸಾವಿರ ಸಿಕ್ಕರೆ ಮೂರು ಸಾವಿರ ಕೇರಿಯ ಡಬ್ಬಿಗೆ. ಬಯಲಿನಲ್ಲಿ ತಟ್ಟೆ ಹಿಡಿದರೆ ಒಳ್ಳೆಯ ಸಂಜೆಯಲ್ಲಿ ಆರುನೂರು, ಏಳುನೂರು. ಮುಖಂಡರೊಬ್ಬರು ಐವತ್ತು ಸಾವಿರ ಕೊಡಲು ಬಂದಿದ್ದರು, ಹಿಂದೆ ಅವರ ಚಿತ್ರವಿರುವ ಪರದೆ ಕಟ್ಟಬೇಕು ಎಂಬ ಷರತ್ತಿನೊಂದಿಗೆ. ಅಂಥ ಚಿತ್ರಗಳ ಮೇಲೆ ಕಾಲಿಟ್ಟು ಅಭ್ಯಾಸವಾದವರು ನಾವು. ಬೇಡ ಎಂದೆವು.

ದಾರಿ ತಿರುಗಿದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ದೂರು, ದುಃಖ ಎಲ್ಲ ತುಂಬಿದ ನಮ್ಮ ಮೊದಲ ಅರ್ಜಿ ಹಾಗೆಯೇ ವಾಪಸ್ ಬಂತು. ಎರಡನೆಯದರಲ್ಲಿ ನಕ್ಷೆಯ ಪ್ರತಿ ಮಾತ್ರ ಕೇಳಿದೆವು. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ದೊಡ್ಡ ಹಾಳೆಗೆ ಬೇರೆ ಲೆಕ್ಕ. ನಕ್ಷೆ ಬಿಚ್ಚಿ ನೋಡಿದರೆ ಬಯಲಿನ ಮೇಲೆ 'ಖಾಲಿ ಜಾಗ, ಬಳಕೆಯಲ್ಲಿಲ್ಲ' ಎಂದಿತ್ತು. ಹಪ್ಪಳ ಒಣಗಿಸುವುದು, ಶವ ಇಳಿಸುವುದು, ಮಕ್ಕಳ ಕ್ರಿಕೆಟ್ಟು, ಮಾರಿಹಬ್ಬದ ಅಡುಗೆ ಎಲ್ಲ ನಡೆಯುವ ಜಾಗ ಅದು!

ಅಂದಿನಿಂದ ಪ್ರತಿಭಟನೆ ಎಂಬ ಮಾತನ್ನೇ ಬಿಟ್ಟೆವು. ಬಯಲು ಬಳಕೆಯಲ್ಲಿದೆ ಎಂಬುದಕ್ಕೆ ಸಾಕ್ಷಿ ಕೂಡಿಸುವುದೇ ಕೆಲಸವಾಯಿತು. ಪ್ರತಿ ಶನಿವಾರ ಸಂಜೆ ಆರಕ್ಕೆ ಅದೇ ಬಯಲಿನಲ್ಲಿ ಕುಣಿತ, ಎಂಟೂವರೆಗೆ ಮುಕ್ತಾಯ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದು ಎಂಬ ನಿಯಮದ ತಂಟೆಯೇ ಬೇಡ. ಎದುರು ಮನೆಯ ತಾರಸಿಯಿಂದ ಒಂದೇ ಕೋನದಲ್ಲಿ ಮೊಬೈಲ್ ಚಿತ್ರೀಕರಣ, ಚೌಕಟ್ಟಿನಲ್ಲಿ ಅರಳಿಮರವೂ ಬಾವಿಯೂ ಇರಲೇಬೇಕು, ಆರಂಭದಲ್ಲಿ ಆ ದಿನದ ಪತ್ರಿಕೆ ಹಿಡಿದು ತೋರಿಸಬೇಕು. ನ್ಯಾಯಾಲಯಕ್ಕೆ ಹೋಗುವುದಾದರೆ ಇಂಥ ವಿದ್ಯುನ್ಮಾನ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ ಎಂದು ವಕೀಲರು ಹೇಳಿದರು. ಮೊಬೈಲ್ ಬದಲಿಸಬೇಡಿ, ಮೂಲ ಕಡತ ಅಳಿಸಬೇಡಿ.

ಇನ್ನು ರಂಗೋಲಿ. ನಕ್ಷೆ 1:500ರದ್ದು, ಅಂದರೆ ಒಂದು ಸೆಂಟಿಮೀಟರಿಗೆ ಐದು ಮೀಟರ್. ಮೂವತ್ತು ಮೀಟರಿನ ಟೇಪು ಹಿಡಿದು, ರಸ್ತೆಯ ಹೊಸ ಅಂಚು ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಬಿಳಿ ಪುಡಿಯ ಗೆರೆ ಎಳೆದೆವು. ಹತ್ತು ಕಿಲೋ ಪುಡಿ, ಇನ್ನೂರು ರೂಪಾಯಿಯ ಒಳಗೆ. ಡೊಂಕು ಓಣಿಯಲ್ಲಿ ನಕ್ಷೆಗೂ ನೆಲಕ್ಕೂ ತಾಳೆ ಬರುವಂತೆ ಹಿಡಿಯಲು ಒಂದು ಉಪಾಯವಿದೆ. ಅದನ್ನು ಬರೆಯುವುದಿಲ್ಲ, ಬಂದು ಕೇಳಿದವರಿಗೆ ಹೇಳುತ್ತೇನೆ.

ಗೆರೆ ಜಗಲಿ ಹತ್ತಿತು, ತುಳಸಿಕಟ್ಟೆಯನ್ನು ಸೀಳಿತು, ಮೂಲೆಯ ಮನೆಯಲ್ಲಿ ಹೊಸ್ತಿಲು ದಾಟಿ ಅಡುಗೆ ಕೋಣೆಗೆ ಹೋಯಿತು. ಆ ಮನೆಯ ಅಜ್ಜಿ ಅನ್ನ ಬಸಿಯುತ್ತಿದ್ದರು. ಪುಡಿ ಸುರಿಯುತ್ತ ಬಂದ ಹುಡುಗಿಯನ್ನು ನೋಡಿ, "ಏನಮ್ಮಾ, ನಿನ್ನ ಗೆರೆ ನನ್ನ ಒಲೆಯ ಮೇಲೆಯೇ ಹೋಗುತ್ತದಲ್ಲ" ಎಂದರು. ಹುಡುಗಿ, "ನನ್ನದಲ್ಲ ಅಜ್ಜಿ, ಅವರದು" ಎಂದಳು. ಅಜ್ಜಿ ಪಾತ್ರೆಯನ್ನು ಕೆಳಗಿಟ್ಟು ಗೆರೆಯ ಜೊತೆಗೇ ಹಿತ್ತಿಲವರೆಗೆ ನಡೆದು, ಎಲ್ಲಿ ಹೊರಬೀಳುತ್ತದೆ ಎಂದು ನೋಡಿ ಬಂದರು. ಅಲ್ಲಿಯವರೆಗೆ ನಮ್ಮ ಯಾವ ಸಭೆಗೂ ಬಾರದವರು ಅವರು. ಆ ಸಂಜೆ ಗೆರೆಯ ಉದ್ದಕ್ಕೂ ಒಬ್ಬೊಬ್ಬರಾಗಿ ಟಾಪ್‌ರಾಕ್ (ನಿಂತೇ ಹಾಕುವ ಹೆಜ್ಜೆ) ಮಾಡುತ್ತ ಹೋಗಿ, ಗೆರೆ ಯಾವ ಮನೆಗೆ ನುಗ್ಗುತ್ತದೋ ಆ ಬಾಗಿಲಲ್ಲಿ ಫ್ರೀಜ್, ಅಂದರೆ ಒಂದು ಭಂಗಿಯಲ್ಲಿ ಅಲುಗಾಡದೆ ನಿಲ್ಲುವುದು. ಅಜ್ಜಿಯ ಬಾಗಿಲಲ್ಲಿ ಮುಂಗೈ ಮೇಲೆ ತಲೆಕೆಳಗಾಗಿ ನಿಂತದ್ದು ನಾನೇ, ಮೂವತ್ತು ಎಣಿಸುವವರೆಗೆ. ನಮ್ಮ ಜಿಲ್ಲೆಯಲ್ಲಿ ಅಷ್ಟು ಹೊತ್ತು ನಿಲ್ಲುವವರು ಇನ್ನೊಬ್ಬರಿದ್ದರೆ ತಿಳಿಸಿ.

ನಡುವೆ ಡೊಳ್ಳಿನ ಪ್ರಯೋಗವೂ ನಡೆಯಿತು. ಕೇರಿಯ ಹಿರಿಯರ ಡೊಳ್ಳಿನ ತಂಡಕ್ಕೆ ನಮ್ಮ ಬ್ರೇಕಿಂಗ್ ಕೂಡಿಸುವ ಆಸೆ. ವೃತ್ತದಲ್ಲಿ ನಿಲ್ಲುವುದು ಇಬ್ಬರಿಗೂ ಒಂದೇ, ಗತಿ ಹೊಂದಲಿಲ್ಲ. ಅವರು ಏರಿಸುತ್ತ ಹೋಗುತ್ತಾರೆ, ನಮ್ಮ ಹುಡುಗರಿಗೆ ಒಂದೇ ಗತಿ ಬೇಕು. ಪುನರ್ವಸು ಮಳೆ ಹಿಡಿದ ಮೇಲೆ ಚರ್ಮ ಸಡಿಲಾಗಿ ಡೊಳ್ಳು ದಪ್ ದಪ್ ಎನ್ನತೊಡಗಿತು. ಪ್ರತಿ ಸುತ್ತಿಗೂ ಮೊದಲು ಅಡಿಕೆ ಸಿಪ್ಪೆಯ ಬೆಂಕಿಗೆ ಹಿಡಿದು ಕಾಯಿಸಬೇಕು. ಚರ್ಮದ ಬದಲು ಫೈಬರ್ ಹಾಕಿಸೋಣ ಎಂದೆ. "ಅದನ್ನು ಬೀರಪ್ಪ ದೇವರ ಮುಂದೆ ಬಾರಿಸಲಾಗುತ್ತದೆಯೇ ತಮ್ಮಾ?" ಎಂದರು ಹಿರಿಯರು. ಕೊನೆಗೆ ಡೊಳ್ಳು ಜನ ಸೇರಿಸಲು, ಸ್ಪೀಕರ್ ಕುಣಿಯಲು ಎಂದು ಪಾಲು ಮಾಡಿಕೊಂಡೆವು. ಡೊಳ್ಳಿನ ಸದ್ದಿಗೆ ಗಾಂಧಿ ಬಜಾರಿನ ಕಡೆಯಿಂದಲೂ ಜನ ಬಂದರು.

ಬಂದ ಜನರಿಂದ ಕೆಲಸ ತೆಗೆಯುವುದು ಮೇಜಿನ ಹತ್ತಿರ. ಕಚೇರಿಯಲ್ಲಿ ಎಣಿಸುವುದು ಜನರನ್ನಲ್ಲ, ಯೋಜನೆಗೆ ಬರೆದು ಕೊಟ್ಟ ಆಕ್ಷೇಪಣೆಗಳನ್ನು. ಅರಳಿಕಟ್ಟೆಯ ಮೇಲೆ ಮೇಜು ಹಾಕಿ ಆಕ್ಷೇಪಣೆಯ ಅರ್ಜಿ ಬರೆಯಲು ಕಾಲೇಜಿನ ನಾಲ್ವರನ್ನು ಕೂರಿಸಿದೆವು. ಒಂದೇ ಮಾದರಿಯ ಅಚ್ಚಿನ ಅರ್ಜಿಯನ್ನು ಒಂದೇ ಆಕ್ಷೇಪಣೆ ಎಂದು ಬದಿಗಿಡುತ್ತಾರೆಂದು ಕೇಳಿದ್ದೆವು. ಆದ್ದರಿಂದ ಪ್ರತಿ ಮನೆಯವರೂ ಗೆರೆ ತಮ್ಮ ಮನೆಯಲ್ಲಿ ಯಾವುದನ್ನು ಕಡಿಯುತ್ತದೆ ಎಂಬುದನ್ನು ಬರೆಸಬೇಕು: ಒಲೆ, ಬಚ್ಚಲು, ದೇವರ ಗೂಡು, ಹೊಲಿಗೆ ಯಂತ್ರ ಇಟ್ಟ ಕಿಟಕಿ. ಕುಣಿತದ ಕೊನೆಯ ಭಾಗವನ್ನು ಮೇಜಿನ ಕೆಲಸ ಆಗುವವರೆಗೆ ತಡೆದು ಹಿಡಿಯುವ ಒಂದು ಬಗೆಯಿದೆ, ಅದೂ ನಮ್ಮಲ್ಲೇ ಇರಲಿ. ಕೊಟ್ಟ ಅವಧಿಯೊಳಗೆ ನೂರ ಎಂಬತ್ತರಷ್ಟು ಅರ್ಜಿ, ಪ್ರತಿಯೊಂದಕ್ಕೂ ಟಪಾಲು ಶಾಖೆಯ ಮುದ್ರೆ. ಗುಮಾಸ್ತರು ಬೇಸರದಿಂದ ಒಟ್ಟಿಗೆ ಒಂದೇ ಮುದ್ರೆ ಹಾಕಿಕೊಡುತ್ತೇನೆ ಎಂದರು. ಒಪ್ಪಲಿಲ್ಲ, ಮಧ್ಯಾಹ್ನದ ಊಟ ಬಿಟ್ಟು ನಿಂತೆವು.

ವಿಚಾರಣೆಯ ದಿನ ಲ್ಯಾಪ್‌ಟಾಪಿನಲ್ಲಿ ಶನಿವಾರಗಳನ್ನು ಸಾಲಾಗಿ ಓಡಿಸಿದೆವು. ಒಂದರಲ್ಲಿ ನಮ್ಮ ಹಿಂದೆ ಹಪ್ಪಳ ಎತ್ತುತ್ತಿದ್ದ ಹೆಂಗಸು, ಇನ್ನೊಂದರಲ್ಲಿ ಬಾವಿಗೆ ಬಿದ್ದ ಚೆಂಡು ತೆಗೆಯುವ ಮಕ್ಕಳು. 'ಬಳಕೆಯಲ್ಲಿಲ್ಲ' ಎಂಬ ಶಬ್ದದ ಮೇಲೆ ಅಧಿಕಾರಿಯೇ ಪೆನ್ಸಿಲಿನಿಂದ ಸುತ್ತು ಹಾಕಿದರು. ನಾಲ್ಕೈದು ತಿಂಗಳ ನಂತರ ಬಂದ ಪರಿಷ್ಕೃತ ನಕ್ಷೆಯಲ್ಲಿ ಬಯಲು ಯೋಜನೆಯಿಂದ ಹೊರಗಿದೆ, ರಸ್ತೆಯ ಅಂಚು ಆಚೆಯ ಹಳೆಯ ಗೋದಾಮಿನ ಕಡೆಗೆ ಸರಿದಿದೆ. ಅಜ್ಜಿಯ ಒಲೆ ಉಳಿಯಿತು. ಹನ್ನೆರಡೋ ಹದಿಮೂರೋ ಮನೆಗಳ ಜಗಲಿ ಇನ್ನೂ ಗೆರೆಯೊಳಗಿದೆ.

ಆ ಮನೆಗಳಲ್ಲಿ ಕೆಲವರ ಬಳಿ ಕಾಗದಪತ್ರ ಸರಿಯಾಗಿಲ್ಲ, ಕೇಳಿದರೆ ತೋರಿಸಲು ಸಂಕೋಚ. ಅದಕ್ಕೆ ಈ ದೀಪಾವಳಿಯಲ್ಲಿ ಮಲೆನಾಡಿನಲ್ಲಿ ದೀಪ ಹಿಡಿದು ಪದ ಹಾಡುತ್ತ ಮನೆಮನೆಗೆ ಹೋಗುವ ಅಂಟಿಗೆ-ಪಂಟಿಗೆಯವರ ಹಾಗೆ ನಾವೂ ದೀಪ ಹಿಡಿದು ಮನೆಮನೆಗೆ ಹೋಗುವ ಯೋಚನೆಯಿದೆ. ದೀಪಕ್ಕೆ ಎಣ್ಣೆ ಹಾಕಿಸಿಕೊಳ್ಳುವಾಗಲೇ ಹಳೆಯ ಕಂದಾಯ ರಸೀದಿ, ಪಡಿತರ ಚೀಟಿಯ ಪ್ರತಿಯನ್ನೂ ಕೇಳುವುದು. ಜೆರಾಕ್ಸ್ ಅಂಗಡಿಯವರು ಪುಟಕ್ಕೆ ಒಂದು ರೂಪಾಯಿಗೆ ಒಪ್ಪಿದ್ದಾರೆ. ನಮ್ಮ ಹುಡುಗರಿಗೆ ಪದ ಬರುವುದಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳಬರು ಇಬ್ಬರಾದರೂ ಬಂದು ಹಾಡಿಕೊಡುವುದಾದರೆ ಬಸ್ ಖರ್ಚು, ಎರಡು ಹೊತ್ತಿನ ಊಟ, ತಲೆಗೆ ಐನೂರು ನಮ್ಮ ಡಬ್ಬಿಯಿಂದ.