ಒಂದೇ ಕಟ್ಟಡ ತನ್ನಿ, ಸಾಕು

ಮೈಸೂರಿನಲ್ಲಿ ಬಿ.ಆರ್ಕ್ ಓದುವಾಗ ನಾನು ನಮ್ಮ ಕಾಲೇಜಿನ ಆರ್ಕಿಟೆಕ್ಚರ್ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದೆ. ಅಧಿಕಾರ ಹಸ್ತಾಂತರ ಎಂದರೆ ಒಂದು ಬೀರುವಿನ ಕೀಲಿಕೈ, ಸುತ್ತಿಟ್ಟ ಬ್ಯಾನರುಗಳು, ಹಳೆಯ ಕಾರ್ಯಕ್ರಮಗಳ ಫೋಟೊಗಳು. ಫೋಟೊಗಳಲ್ಲಿ ದೀಪ ಬೆಳಗಿಸುವ ಅತಿಥಿ, ಶಾಲು ಹೊದ್ದ ಅತಿಥಿ, ಮೈಸೂರು ಪೇಟ ತೊಟ್ಟ ಅತಿಥಿ ಎಲ್ಲರೂ ಇದ್ದರು. ಅವರು ಬಂದು ಏನು ಹೇಳಿಹೋದರು ಎಂಬುದಕ್ಕೆ ಎಲ್ಲೂ ಒಂದು ಸಾಲು ಇರಲಿಲ್ಲ.

ಅತಿಥಿ ಉಪನ್ಯಾಸ ಎಂದರೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಪ್ರಾರ್ಥನೆ, ಸ್ವಾಗತ, ಅತಿಥಿ ಪರಿಚಯ, ಪ್ರಿನ್ಸಿಪಾಲರ ಎರಡು ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ಅಟೆಂಡೆನ್ಸ್ ಹಾಕಿಸಿಕೊಂಡು ಜಾಗ ಖಾಲಿ ಮಾಡಿರುತ್ತಾರೆ. ಆಮೇಲೆ ಅತಿಥಿ ತಮ್ಮ ಆಫೀಸಿನ ಅಷ್ಟೂ ಪ್ರಾಜೆಕ್ಟುಗಳನ್ನು ಸ್ಲೈಡಿನ ಮೇಲೆ ಸ್ಲೈಡು ಹಾಕಿ ತೋರಿಸುತ್ತಾರೆ. ವಿಲ್ಲಾ, ರೆಸಾರ್ಟ್, ಇನ್ನೊಂದು ವಿಲ್ಲಾ. ಫೋಟೊಗಳೇನೋ ಚೆನ್ನಾಗಿರುತ್ತವೆ, ಆದರೆ ಆ ಕಟ್ಟಡ ಹೇಗೆ ನಿಂತಿತು, ಯಾರ ಜೊತೆ ಜಗಳವಾಯಿತು, ಎಲ್ಲಿ ನೀರು ಸೋರಿತು ಅನ್ನುವುದು ಅದರಲ್ಲಿ ಬರುವುದಿಲ್ಲ. ನಮಗೆ ಬೇಕಿದ್ದದ್ದು ಅದೇ.

ಹಾಗಾಗಿ ನಮ್ಮ ಆಹ್ವಾನ ಪತ್ರದಲ್ಲಿ ಒಂದು ವಿನಂತಿ ಸೇರಿಸಿದೆವು: ದಯವಿಟ್ಟು ಒಂದೇ ಕಟ್ಟಡದ ಬಗ್ಗೆ ಮಾತಾಡಿ. ಮೊದಲ ಸ್ಕೆಚ್ಚು, ಮಂಜೂರಾದ ನಕ್ಷೆ, ಸೈಟಿನಲ್ಲಿ ಬದಲಾದ ಡ್ರಾಯಿಂಗು, ಸಾಧ್ಯವಾದರೆ ಎಸ್ಟಿಮೇಟು, ಇಷ್ಟನ್ನು ಕಾಗದದಲ್ಲೇ ತನ್ನಿ, ಮೇಜಿನ ಮೇಲೆ ಹರವೋಣ. ಕೆಲವರು ಇದನ್ನು ಕೇಳಿಯೇ ಬರಲಿಲ್ಲ. ಬಂದವರು ಮಾತ್ರ ಸೆಮಿನಾರ್ ಹಾಲ್ ಬಿಟ್ಟು ಸ್ಟುಡಿಯೋದಲ್ಲಿ ನಮ್ಮ ಸ್ಟೂಲುಗಳ ಮೇಲೆಯೇ ಕೂತು ಮಾತಾಡಿದರು. ದೀಪ ಬೆಳಗುವುದು ವರ್ಷಕ್ಕೊಮ್ಮೆ ಸಂಘದ ಉದ್ಘಾಟನೆಗೆ ಮಾತ್ರ ಎಂದು ಎಚ್‌ಒಡಿಯವರನ್ನು ಒಪ್ಪಿಸಲು ಸ್ವಲ್ಪ ಓಡಾಡಬೇಕಾಯಿತು. ಹಾರ, ಮೊಮೆಂಟೊಗಳ ದುಡ್ಡು ಉಳಿದರೆ ಅದರಲ್ಲಿ ಪ್ರಿಂಟು ತೆಗೆಸಬಹುದು ಎಂಬ ಲೆಕ್ಕ ಅವರಿಗೆ ಹಿಡಿಸಿತು.

ದುಡ್ಡಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಸಂಘದ ಫೀಸಿನಲ್ಲಿ ಬೆಂಗಳೂರಿನಿಂದ ಕಾರು ಮಾಡಿ ಅತಿಥಿಗಳನ್ನು ಕರೆಸುವುದು ಆಗದ ಕೆಲಸ. ಆದರೆ ಸೆಮಿಸ್ಟರ್ ಕೊನೆಯಲ್ಲಿ ನಮ್ಮ ಡಿಸೈನುಗಳನ್ನು ನೋಡಿ ವಿಮರ್ಶಿಸುವ ಜೂರಿಗೆ ಹೊರಗಿನ ಆರ್ಕಿಟೆಕ್ಟುಗಳು ಹೇಗಿದ್ದರೂ ಬರುತ್ತಾರೆ, ಅವರ ಪ್ರಯಾಣದ ಖರ್ಚನ್ನು ಕಾಲೇಜೇ ಕೊಡುತ್ತದೆ. ಜೂರಿ ಮುಗಿದ ಸಂಜೆ ಕಾಫಿ, ಮದ್ದೂರು ವಡೆ ಕೊಟ್ಟು ಇನ್ನೊಂದು ಗಂಟೆ ಉಳಿಸಿಕೊಂಡರೆ ಉಪನ್ಯಾಸ ಆಯಿತು. ಅಂದು ಅವರು ನಮ್ಮ ಕೆಲಸವನ್ನು ನೋಡಿರುತ್ತಾರೆ, ಬೈದಿರುತ್ತಾರೆ. ಈಗ ಅವರ ಕೆಲಸವನ್ನು ನಾವು ನೋಡುವ ಸರದಿ. ಪ್ರಶ್ನೆಗಳು ತಾವಾಗಿಯೇ ಹರಿತವಾಗುತ್ತಿದ್ದವು.

ಪ್ರಶ್ನೆ ಕೇಳಿಸುವುದೇ ನಿಜವಾದ ಕಷ್ಟ. ಚಾಮರಾಜನಗರ, ಮಂಡ್ಯ, ಹಾಸನದ ಕಡೆಯಿಂದ ಬಂದ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ನಮ್ಮಲ್ಲಿ ಸಾಕಷ್ಟಿದ್ದರು. ಇಂಗ್ಲಿಷಿನಲ್ಲಿ ಎದ್ದು ನಿಂತು ಕೇಳಬೇಕು ಎಂದರೆ ಬಾಯಿ ಕಟ್ಟುತ್ತಿತ್ತು. ಅತಿಥಿಯ ಡ್ರಾಯಿಂಗುಗಳನ್ನು ಎರಡು ದಿನ ಮೊದಲೇ ತರಿಸಿ ಸ್ಟುಡಿಯೋ ಗೋಡೆಗೆ ಅಂಟಿಸಿದೆವು. ಅನುಮಾನ ಬಂದ ಜಾಗದಲ್ಲೇ ಚೀಟಿ ಅಂಟಿಸಿ, ಯಾವ ಭಾಷೆಯಲ್ಲಾದರೂ ಬರೆಯಿರಿ, ಹೆಸರು ಬೇಡ ಎಂದೆವು. ‘ಈ ಮೆಟ್ಟಿಲಿನ ಕೆಳಗೆ ತಲೆ ತಾಗಲ್ವಾ?’ ಎಂದು ಯಾರೋ ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಹಿರಿಯ ಆರ್ಕಿಟೆಕ್ಟರೊಬ್ಬರು ತಾವೇ ಗೋಡೆಯಿಂದ ಕಿತ್ತು ಎಲ್ಲರಿಗೂ ಓದಿ, “ತಾಗುತ್ತೆ. ಮನೆಯವರು ಈಗಲೂ ಬೈತಾರೆ” ಎಂದು ನಕ್ಕರು. ಅಲ್ಲಿಂದ ಮುಂದೆ ಮಾತು ಸಲೀಸಾಯಿತು. ಮೊದಲ ಕೆಲವು ಪ್ರಶ್ನೆ ಒಂದನೇ ವರ್ಷದವರದೇ ಆಗಿರಬೇಕು ಎಂಬ ನಿಯಮವನ್ನೂ ಮಾಡಿದ್ದೆವು. ಸೀನಿಯರುಗಳು ಪ್ರಶ್ನೆ ಕೇಳುವುದಿಲ್ಲ, ಭಾಷಣ ಮಾಡುತ್ತಾರೆ. ಅದು ನನಗೆ ಖಾತ್ರಿ.

ವಿಶ್ವ ವಾಸ್ತುಶಿಲ್ಪ ದಿನ ಬರುವುದು ಅಕ್ಟೋಬರ್ ಮೊದಲ ಸೋಮವಾರ. ಮೈಸೂರಿನಲ್ಲಿ ಅದು ಎಷ್ಟೋ ಸಲ ದಸರಾ ರಜೆಗೆ, ಇಲ್ಲವೇ ದಸರಾ ಗದ್ದಲಕ್ಕೆ ಸಿಕ್ಕಿಬೀಳುತ್ತದೆ. ನಾವು ಅದನ್ನು ನವೆಂಬರಿಗೆ ತಳ್ಳಿ, 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹದ ಜೊತೆ ಸೇರಿಸಿದೆವು. ಇಡೀ ವರ್ಷದ ಕಾರ್ಯಕ್ರಮಗಳಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿರುವುದು ಆ ವಾರ ನಡೆದದ್ದು.

ಅತಿಥಿ ಒಬ್ಬ ಗಾರೆ ಮೇಸ್ತ್ರಿ. ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ಕೂದಲು ನೆರೆತವರು. ಕರೆಯಲು ಹೋದಾಗ, “ಆ ಹುಡುಗ್ರ ಮುಂದೆ ನಾನೇನ್ ಮಾತಾಡ್ಲವ್ವ, ನಂಗೆ ಭಾಷಣ ಬರಲ್ಲ” ಎಂದರು. ಭಾಷಣ ಬೇಡ, ಕೆಲಸ ಮಾಡಿ, ನಾವು ನೋಡುತ್ತೇವೆ ಎಂದ ಮೇಲೆ ಒಪ್ಪಿದರು. ಮರದ ವರ್ಕ್‌ಶಾಪಿನಲ್ಲಿ ಎರಡು ತೊಲೆ ಇಟ್ಟು, ಅಡ್ಡಕ್ಕೆ ಜಂತೆ ಜೋಡಿಸಿ, ಸೊಂಟದೆತ್ತರಕ್ಕೆ ಒಂದು ಚೌಕಟ್ಟು ಮಾಡಿಕೊಂಡೆವು. ಅದರ ಮೇಲೆ ಮದ್ರಾಸ್ ತಾರಸಿಯ ಒಂದು ತುಂಡು ಹಾಕಿ ತೋರಿಸುವುದು ಅವರ ಕೆಲಸ.

ಈ ತಾರಸಿ ನೂರು ವರ್ಷ ಹಿಂದಿನ ಕಟ್ಟಡಗಳಲ್ಲಿ ದಕ್ಷಿಣ ಭಾರತದಲ್ಲೆಲ್ಲ ಸಿಗುತ್ತದೆ. ಜಂತೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಮೂಲೆಯಿಂದ ಶುರುಮಾಡಿ ಓರೆಯಾಗಿ ಸಾಲು ಕಟ್ಟುತ್ತಾ ಹೋಗುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಸೇರಿಸಿದ ಕಾಂಕ್ರೀಟು ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಾರೆ. ಇದೆಲ್ಲ ನಮ್ಮ ನೋಟ್ಸಿನಲ್ಲಿತ್ತು, ಸೆಕ್ಷನ್ನು ಬರೆದು ಮಾರ್ಕ್ಸೂ ತಗೊಂಡಿದ್ದೆವು. ಕೆಳಗೆ ಸೆಂಟ್ರಿಂಗ್, ಅಂದರೆ ಆಸರೆಯ ಹಲಗೆ, ಇಲ್ಲದೆ ಇಟ್ಟಿಗೆ ಹೇಗೆ ನಿಲ್ಲುತ್ತದೆ ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ.

ಮೇಸ್ತ್ರಿ ಒಂದು ಇಟ್ಟಿಗೆಯನ್ನು ನೀರಿನ ಬಕೆಟ್ಟಿನಿಂದ ತೆಗೆದರು. ಕರಣೆಯಿಂದ ಅದರ ಎರಡು ಮುಖಕ್ಕೆ ಗಾರೆ ಬಳಿದು, ಹಿಂದಿನ ಇಟ್ಟಿಗೆಗೆ ಒತ್ತಿ, ಒಂದೆಳೆ ಹಿಂದೆ ಮುಂದೆ ಜಾರಿಸಿ, ಹೆಬ್ಬೆರಳಲ್ಲಿ ಒಂದು ಕ್ಷಣ ಹಿಡಿದು ಕೈ ಬಿಟ್ಟರು. ಅದು ಅಲ್ಲೇ ನಿಂತಿತು, ಕೆಳಗೆ ಬರೀ ಗಾಳಿ. ಹುಡುಗರು ಬಗ್ಗಿ ಅಡಿಯಿಂದ ನೋಡಿದರು. ಇಟ್ಟಿಗೆ ತೆಳು, ಹಗುರ. ಚೆನ್ನಾಗಿ ನೆನೆದದ್ದು, ಹಾಗಾಗಿ ಗಾರೆಯ ನೀರನ್ನು ತಟ್ಟನೆ ಹೀರಿಕೊಳ್ಳುವುದಿಲ್ಲ. ಗಾರೆಗೆ ಜಿಗುಟಿದೆ. ಜಾರಿಸಿದಾಗ ಒಳಗಿನ ಗಾಳಿ ಹೊರಬಿದ್ದು ಅಂಟು ಕೂರುತ್ತದೆ. ಓರೆ ಸಾಲು ಯಾಕೆ ಎಂದರೆ ಮೂಲೆಯಲ್ಲಿ ಮೊದಲ ಸಾಲು ಚಿಕ್ಕದು, ಎರಡೂ ಕಡೆ ಗೋಡೆಯ ಆಸರೆ. ಆಮೇಲಿನ ಪ್ರತಿ ಸಾಲೂ ಹಿಂದಿನದನ್ನು ಆತುಕೊಂಡೇ ಬೆಳೆಯುತ್ತದೆ. ಇದನ್ನು ಅವರು ಬಾಯಲ್ಲಿ ಹೇಳಲಿಲ್ಲ. ನಮ್ಮಲ್ಲೊಬ್ಬಳು ಒಣ ಇಟ್ಟಿಗೆ ಇಡಲು ಹೋದಾಗ ಅದು ನೇರ ನೆಲಕ್ಕೆ ಬಿತ್ತು. ಮೇಸ್ತ್ರಿ, “ನೀರು ಕುಡಿಸ್ದೆ ಕೆಲ್ಸ ಕೇಳಿದ್ರೆ ಮಾಡ್ತದಾ?” ಎಂದರು.

ಇಂಥದ್ದನ್ನು ಮಾಡಿಸುವವರಿಗೆ ಎರಡು ಮಾತು. ಸುಣ್ಣವನ್ನು ಕಾಲೇಜಿನಲ್ಲಿ ಅರಳಿಸಲು ಹೋಗಬೇಡಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಹಾರಿದರೆ ಅನಾಹುತ. ಮೇಸ್ತ್ರಿಗಳ ಗುಂಡಿಯಲ್ಲಿ ಮೊದಲೇ ಅರಳಿಸಿ ಮಾಗಿಸಿಟ್ಟದ್ದನ್ನೇ ತರಿಸಿದೆವು. ಆದರೂ ಕೈಗವಸು, ಕನ್ನಡಕ ಕಡ್ಡಾಯ. ಇನ್ನೊಂದು, ಮೇಸ್ತ್ರಿಗೂ ಬೆಂಗಳೂರಿನ ಆರ್ಕಿಟೆಕ್ಟಿಗೂ ಗೌರವಧನ ಒಂದೇ ಇರಲಿ. ಆಫೀಸಿನ ವೋಚರಿನಲ್ಲಿ ‘ವಿದ್ಯಾರ್ಹತೆ’ ಅಂತ ಒಂದು ಕಾಲಂ ಇತ್ತು, ಗುಮಾಸ್ತರು ಪೆನ್ನು ಹಿಡಿದು ಯೋಚಿಸುತ್ತಾ ಕೂತರು. ‘ಮದ್ರಾಸ್ ತಾರಸಿ’ ಎಂದು ಬರೆಯಿರಿ ಸಾರ್ ಎಂದೆ. ಹಾಗೇ ಬರೆದರು, ಪಾಸೂ ಆಯಿತು.

ಮೇಸ್ತ್ರಿ ಬಂದು ಹೋದ ಮೇಲೆ ಇಟ್ಟುಕೊಂಡ ಚರ್ಚೆಗೆ ಬೇರೆಯೇ ಕಳೆ ಬಂತು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತಿದ್ದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಈ ಎರಡು ಹಳೆಯ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟಬೇಕೋ, ಉಳಿಸಿ ದುರಸ್ತಿ ಮಾಡಬೇಕೋ ಎಂಬ ಜಗಳ ಊರಲ್ಲೆಲ್ಲ ನಡೆದಿತ್ತು. ಒಬ್ಬರನ್ನೇ ಕರೆದರೆ ಅವರದೇ ವಾದ ಕೇಳಿ ತಲೆಯಾಡಿಸಿ ಬರುತ್ತೇವೆ. ಹಾಗಾಗಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್, ಒಬ್ಬ ಕನ್ಸರ್ವೇಷನ್ ಆರ್ಕಿಟೆಕ್ಟ್, ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟ ಒಬ್ಬ ವ್ಯಾಪಾರಿ, ಮೂವರನ್ನೂ ಒಂದೇ ಮೇಜಿಗೆ ಕೂರಿಸಿದೆವು. ಹಳೆಯ ಸುಣ್ಣದ ಗೋಡೆಗೆ ಸಿಮೆಂಟು ಬಳಿದು ಒಳಗಿನ ತೇವ ಆಚೆ ಬರದಂತೆ ಮಾಡಿದ್ದೇ ಎಷ್ಟೋ ಕಡೆ ರೋಗದ ಮೂಲ ಎಂದು ಆರ್ಕಿಟೆಕ್ಟ್ ಹೇಳಿದರೆ, ಕೆಳಗೆ ಕೂತವರ ತಲೆಗೆ ಗ್ಯಾರಂಟಿ ಕೊಡುವವರು ಯಾರು ಎಂದು ಇಂಜಿನಿಯರ್ ಕೇಳಿದರು. ವ್ಯಾಪಾರಿ ಇಬ್ಬರ ಮಾತನ್ನೂ ಕೇಳಿ, “ದುರಸ್ತಿ ಮಾಡೋಷ್ಟು ದಿನ ನಾವೆಲ್ಲಿ ಕೂತ್ಕೊಳ್ಳೋದು, ಅದನ್ನ ಯಾರೂ ಹೇಳ್ತಿಲ್ವಲ್ಲ ಸ್ವಾಮಿ” ಎಂದರು. ನಮ್ಮ ಯಾವ ಡ್ರಾಯಿಂಗಿನಲ್ಲೂ ಆ ಪ್ರಶ್ನೆಗೆ ಜಾಗ ಇರಲಿಲ್ಲ. ಮುಂದಿನ ಸೆಮಿಸ್ಟರಿನ ಡಿಸೈನ್ ಪ್ರಾಬ್ಲಮ್ಮನ್ನು ನಮ್ಮ ಮೇಡಂ ಅದರಿಂದಲೇ ತೆಗೆದರು: ಮಾರುಕಟ್ಟೆ ದುರಸ್ತಿಯಾಗುವವರೆಗೆ ತಾತ್ಕಾಲಿಕ ಹೂವಿನ ಸಂತೆ.

ನಾಸಾ ಬಗ್ಗೆ ಹೇಳದಿದ್ದರೆ ಆರ್ಕಿಟೆಕ್ಚರ್ ಹುಡುಗರು ನನ್ನನ್ನು ಬಿಡುವುದಿಲ್ಲ. ಇದು ರಾಕೆಟ್ಟಿನ ನಾಸಾ ಅಲ್ಲ, 1957ರಿಂದ ಇರುವ, ದೇಶದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಘಟನೆ. ಅದರ ಸ್ಪರ್ಧೆಗಳಲ್ಲಿ ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್ ಹೆಸರಿನ ಟ್ರೋಫಿ ಇರುವುದು ದಾಖಲೀಕರಣಕ್ಕೆ. ಟೇಪು ಹಿಡಿದು ಒಂದು ಹಳೆಯ ಊರನ್ನೋ ಮನೆಗಳನ್ನೋ ಅಳೆದು ಬರೆಯಬೇಕು. ನಿದ್ದೆಗೆಟ್ಟು ಶೀಟು ಮಾಡಿ ಕಳಿಸುತ್ತಾರೆ. ಗೆದ್ದರೆ ಕುಣಿತ, ಸೋತರೆ ಶೀಟು ಬೀರುವಿಗೆ. ಮನೆ ಅಳೆಯಲು ಬಿಟ್ಟ ಯಜಮಾನನಿಗೆ ಏನೂ ಇಲ್ಲ. ನನಗೆ ಇದು ಸರಿ ಕಾಣಲಿಲ್ಲ. ಅಳೆದ ಪ್ರತಿ ಮನೆಗೂ ಒಂದು ಸೆಟ್ ಪ್ರಿಂಟು ಕೊಟ್ಟೇ ಸ್ಪರ್ಧೆಗೆ ಕಳಿಸಬೇಕು ಎಂದು ಸಂಘದಲ್ಲಿ ನಿರ್ಣಯ ಮಾಡಿದೆವು. ಶ್ರೀರಂಗಪಟ್ಟಣದ ಕಡೆಯ ಒಂದು ತೊಟ್ಟಿ ಮನೆಗೆ ಪ್ರಿಂಟು ಕೊಡಲು ಹೋದಾಗ ಯಜಮಾನರು ತೊಟ್ಟಿ, ಪಡಸಾಲೆ, ಕಂಬದ ಕೆತ್ತನೆ ಯಾವುದನ್ನೂ ನೋಡಲಿಲ್ಲ. ನೇರ ಕೋಣೆಗಳ ಅಳತೆಗೆ ಬೆರಳಿಟ್ಟು, “ಪಾಲಾಗೋವಾಗ ಇದು ಬೇಕಾಗ್ತದೆ, ಇನ್ನೆರಡು ಕಾಪಿ ಕೊಡಿ, ತಮ್ಮಂದಿರಿಗೆ” ಎಂದರು. ಕೊಟ್ಟೆವು.

ಪ್ರತಿ ಕಾರ್ಯಕ್ರಮ ಮುಗಿದ ಮಾರನೇ ದಿನ ಯಾರಾದರೊಬ್ಬರು ಒಂದು ಪುಟ ಬರೆಯಬೇಕಿತ್ತು: ಅತಿಥಿ ಹೇಳಿದ್ದರಲ್ಲಿ ನಾಳೆಯ ಡ್ರಾಯಿಂಗಿಗೆ ಬೇಕಾಗುವ ಮಾತು ಯಾವುದು, ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ವಂದನಾರ್ಪಣೆಯ ಭಾಷೆ ಅದರಲ್ಲಿ ಬಂದರೆ ತಿರುಗಿ ಬರೆಸುತ್ತಿದ್ದೆ. ಆ ಪುಸ್ತಕ ಈಗಲೂ ಸಂಘದಲ್ಲಿದೆ, ಜೂನಿಯರುಗಳು ಮುಂದುವರಿಸಿದ್ದಾರೆ. ಈ ವರ್ಷದ ಕಾರ್ಯದರ್ಶಿ ಮೊನ್ನೆ ಫೋನ್ ಮಾಡಿ, “ಅಕ್ಕ, ದೊಡ್ಡ ಹೆಸರು ಯಾರಾದ್ರೂ ಇದ್ರೆ ಹೇಳಿ” ಎಂದ. ಒಳ್ಳೆಯ ಪ್ಲಂಬರ್ ಒಬ್ಬರನ್ನು ಕರೆಸು ಎಂದೆ. ಐದು ವರ್ಷ ಟಾಯ್ಲೆಟ್ ಡೀಟೇಲು ಬರೆದ ನಾನು ಬಚ್ಚಲ ನೆಲದ ನೀರು ಇಳಿದು ಹೋಗುವ ನಹಾನಿ ಟ್ರ್ಯಾಪನ್ನು ಕೈಯಲ್ಲಿ ಹಿಡಿದು ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೋಸ್ಟರಿನಲ್ಲಿ ಹೇಗೆ ಹಾಕುವುದು ಎಂದು ಕೇಳಿದ. ಅದನ್ನು ಅವನೇ ಯೋಚಿಸಲಿ ಎಂದು ಬಿಟ್ಟಿದ್ದೇನೆ.