ಕಂಪನಿ ಬ್ರಿಟನ್ನಿನಲ್ಲಿ, ಮೊದಲ ಮೆಟ್ಟಿಲು ನಿಮ್ಮ ಬ್ಯಾಂಕಿನಲ್ಲಿ

ಬ್ರಿಟನ್ನಿನಲ್ಲಿ ನನ್ನ ಕಂಪನಿ ನೋಂದಣಿಗೆ ಅರ್ಜಿ ಹಾಕಿದ್ದು 2024ರ ಜೂನಿನ ಒಂದು ರಾತ್ರಿ, ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಕೂತು. ಹೊರಗೆ ಮಳೆ ಹೊಡೆಯುತ್ತಿತ್ತು. ಕರೆಂಟ್ ಎರಡು ಸಲ ಹೋಗಿ ಇನ್ವರ್ಟರ್ ಮೇಲೆ ಕೆಲಸ ಮುಗಿಸಿದೆ. ಮರುದಿನ ಸಂಜೆ ಪ್ರಮಾಣಪತ್ರ ಮೇಲ್‌ನಲ್ಲಿ ಬಂತು. ಅಪ್ಪನಿಗೆ ತೋರಿಸಿದೆ.

"ಅಲ್ಲಿಗೆ ಹೋಗ್ದೇಯ ಕಂಪ್ನಿ ಮಾಡಲಾಗ್ತನ ತಮಾ?"

"ಆಗ್ತು ಅಪ್ಪಾ."

ಬ್ರಿಟನ್ನಿನ ಮಟ್ಟಿಗೆ ಆ ಉತ್ತರ ಸರಿ. ಆದರೆ ನಮ್ಮ ದೇಶದ ಕಾನೂನಿನಂತೆ ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿತ್ತು. ಅದು ನನಗೆ ಗೊತ್ತಾದದ್ದು ಐದು ತಿಂಗಳ ನಂತರ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಒಂದು ಕಾರಣಕ್ಕೆ.

ನಾವು ಮೂವರು ಇಲ್ಲಿಂದಲೇ ಸಣ್ಣ ಅಂಗಡಿಗಳ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತೇವೆ. ಬ್ರಿಟನ್ನಿನಲ್ಲಿ ಗಿರಾಕಿಗಳು ಹೆಚ್ಚಿದರು. ಅಲ್ಲಿಯ ಅಂಗಡಿಯವರು ತಿಂಗಳ ಬಾಡಿಗೆ, ವಿಮೆ, ಫೋನ್ ಬಿಲ್ ಎಲ್ಲವನ್ನೂ ಖಾತೆಯಿಂದ ತಾನಾಗಿ ಕಡಿತವಾಗುವ ಡೈರೆಕ್ಟ್ ಡೆಬಿಟ್‌ನಲ್ಲಿ ಕಟ್ಟುವವರು. ಪ್ರತಿ ತಿಂಗಳು ಭಾರತದ ಖಾತೆಗೆ ಹಣ ಕಳಿಸಿ ಅಂದರೆ ಎರಡನೇ ತಿಂಗಳಿಗೇ ಬೇಸರ ಬೀಳುತ್ತಾರೆ. ಅಲ್ಲಿಯದೇ ಕಂಪನಿ ಬೇಕು ಅನ್ನುವುದು ಹಾಗೆ ಹುಟ್ಟಿದ್ದು. ಬರೀ ತೆರಿಗೆ ಉಳಿಸಲು ಇದಕ್ಕೆ ಕೈಹಾಕುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಅಲ್ಲಿಯ ಕೆಲಸ ಸರಳ. ಕಂಪನೀಸ್ ಹೌಸ್ ಅನ್ನುವ ಸರ್ಕಾರಿ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲೇ ಅರ್ಜಿ. ನಾನು ಕಟ್ಟಿದ ಶುಲ್ಕ 50 ಪೌಂಡ್. ಆ ವರ್ಷದ ಮೇ 1ಕ್ಕೆ ಮುಂಚೆ 12 ಪೌಂಡ್ ಇತ್ತು. ನಿರ್ದೇಶಕ ಅಲ್ಲಿಯ ಪ್ರಜೆಯಾಗಿರಬೇಕಿಲ್ಲ, ಅಲ್ಲಿ ವಾಸವೂ ಇರಬೇಕಿಲ್ಲ. ನಾನೊಬ್ಬನೇ ನಿರ್ದೇಶಕ, ನಾನೊಬ್ಬನೇ ಷೇರುದಾರ, ಒಂದೊಂದು ಪೌಂಡಿನ 100 ಷೇರು. ವ್ಯವಹಾರದ ಬಗೆಗೆ ಒಂದು ಐದಂಕಿ ಸಂಖ್ಯೆ ಕೊಡಬೇಕು, ಸಾಫ್ಟ್‌ವೇರ್ ತಯಾರಿಕೆಗೆ 62012. 2025ರ ನವೆಂಬರ್ 18ರಿಂದ ನಿರ್ದೇಶಕರು ಗುರುತಿನ ಪರಿಶೀಲನೆಯನ್ನೂ ಮಾಡಿಸಿಕೊಳ್ಳಬೇಕು.

ಕಂಪನಿಯ ನೋಂದಾಯಿತ ವಿಳಾಸ ಮಾತ್ರ ಆ ದೇಶದ್ದೇ ಬೇಕು, ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ. ಮೊದಲು ಸೋದರತ್ತೆಯ ಮಗಳ ಮನೆ ವಿಳಾಸ ಕೊಟ್ಟಿದ್ದೆ. ತೆರಿಗೆ ಇಲಾಖೆಯ ಹತ್ತಂಕಿ ಸಂಖ್ಯೆಯ ಪತ್ರ ಬಂದದ್ದು ಅವಳ ಬಾಗಿಲಿಗೆ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಆದರೆ ಆ ವಿಳಾಸ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಚಿಕ್ಕ ಮಕ್ಕಳಿರುವ ಮನೆಯನ್ನು ಹಾಗೆ ಊರಿಗೆಲ್ಲ ತೋರಿಸಿದ್ದು ನನಗೆ ಸರಿ ಕಾಣಲಿಲ್ಲ. ಆಮೇಲೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ಬೇರೆ ವಿಳಾಸ ಮಾಡಿಕೊಂಡೆ. ನಿರ್ದೇಶಕನ ಪತ್ರವ್ಯವಹಾರದ ವಿಳಾಸ ಎಲ್ಲಿಯದಾದರೂ ಆಗುತ್ತದೆ. ನನ್ನದು ಶಿರಸಿ 581401 ಎಂದೇ ಇದೆ.

ನವೆಂಬರಿನಲ್ಲಿ ಆ 100 ಪೌಂಡ್ ಷೇರು ಹಣ ಕಳಿಸೋಣವೆಂದು ನನ್ನ ಬ್ಯಾಂಕಿಗೆ ಹೋದೆ. ಶಿರಸಿಯ ಶಾಖೆಯಲ್ಲಿ ವಿದೇಶಿ ವಿನಿಮಯದ ಕೆಲಸ ಇಲ್ಲ, ಹುಬ್ಬಳ್ಳಿಗೆ ಹೋಗಿ ಅಂದರು. ಮುಂಡಗೋಡ ಮೇಲೆ ನೂರು ಕಿಲೋಮೀಟರ್. ಅಲ್ಲಿಯ ಅಧಿಕಾರಿ ಪ್ರಮಾಣಪತ್ರದ ಮೇಲಿನ ತಾರೀಕಿನ ಮೇಲೆ ಬೆರಳಿಟ್ಟು ಕೇಳಿದರು: "ಕಂಪನಿ ಮಾಡಿ ಆಮ್ಯಾಗ ಬಂದೀರಲ್ರಿ. ಮೊದಲ ಬರಬೇಕಿತ್ತು."

ಎದುರು ಕೂರಿಸಿಕೊಂಡು ಅವರು ಹೇಳಿಕೊಟ್ಟದ್ದು ಇಷ್ಟು. 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಹೂಡಿಕೆ ಅನ್ನುವುದಕ್ಕೆ ದುಡ್ಡು ಹೋಗಿರಬೇಕಂತಿಲ್ಲ. ಹೊಸ ಕಂಪನಿಯ ಮೂಲ ದಾಖಲೆಯಲ್ಲಿ ಇಷ್ಟು ಷೇರು ನನಗೆ ಎಂದು ಒಪ್ಪಿ ಸಹಿ ಹಾಕಿದರೂ ಹೂಡಿಕೆಯೇ. ಹಣ ಕಳಿಸುವುದು, ಷೇರು ಪಡೆಯುವುದು, ಎರಡರಲ್ಲಿ ಯಾವುದು ಮೊದಲೋ ಅದಕ್ಕೂ ಮುಂಚೆ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಕೊಟ್ಟು ರಿಸರ್ವ್ ಬ್ಯಾಂಕಿನಿಂದ ಯುಐಎನ್ ಎಂಬ ಸಂಖ್ಯೆ ಪಡೆಯಬೇಕು. ತಡವಾಗಿದ್ದರೆ ಅದು ಸರಿಯಾಗುವ ತನಕ ಮತ್ತೆ ಒಂದು ಪೌಂಡೂ ಹೂಡುವಂತಿಲ್ಲ.

ತಡವಾದದ್ದಕ್ಕೆ ಶುಲ್ಕ 7,500 ರೂಪಾಯಿ, ಜೊತೆಗೆ ಮೊತ್ತದ ಶೇ. 0.025ನ್ನು ತಡವಾದ ವರ್ಷಗಳಿಂದ ಗುಣಿಸಿದಷ್ಟು. 100 ಪೌಂಡ್ ಅಂದರೆ ಆಗ ಹತ್ತೂವರೆ ಸಾವಿರದ ಆಸುಪಾಸು. ಐದು ತಿಂಗಳಿಗೆ ಲೆಕ್ಕ ಹಾಕಿದರೆ ಒಂದು ರೂಪಾಯಿ ಚಿಲ್ಲರೆ. ಮೇಲಕ್ಕೆ ನೂರರ ಲೆಕ್ಕಕ್ಕೆ ತಂದು 7,600 ಕಟ್ಟಿದೆ. ಹುಬ್ಬಳ್ಳಿಗೆ ಮೂರು ಸಲ ಓಡಾಡಿದೆ, ಎರಡು ತಿಂಗಳು ಹೋಯಿತು. ದುಡ್ಡಿಗಿಂತ ನನ್ನನ್ನು ಕಾಡಿದ್ದು, ನೋಂದಣಿ ಮಾಡಿಕೊಡುತ್ತೇವೆ ಅನ್ನುವ ಎಷ್ಟೋ ಏಜೆನ್ಸಿಗಳ ಜಾಹೀರಾತು ಓದಿದ್ದರೂ ಒಬ್ಬರೂ ಈ ಮಾತು ಎತ್ತಿರಲಿಲ್ಲ ಅನ್ನುವುದು. ಅವರ ಜವಾಬ್ದಾರಿ ಪ್ರಮಾಣಪತ್ರಕ್ಕೇ ಮುಗಿಯುತ್ತದೆ, ನಮ್ಮದು ಅಲ್ಲಿಂದ ಶುರುವಾಗುತ್ತದೆ.

ವ್ಯಕ್ತಿಯ ಹೆಸರಿನಲ್ಲಿ ಹೂಡುವವರು ಇನ್ನೂ ಕೆಲವು ಗಮನಿಸಬೇಕು. ಒಂದು ಹಣಕಾಸು ವರ್ಷಕ್ಕೆ ಒಟ್ಟು 2,50,000 ಡಾಲರ್ ಮಿತಿ, ಮಕ್ಕಳ ಓದು, ಪ್ರವಾಸಕ್ಕೆ ಕಳಿಸಿದ್ದೂ ಅದರಲ್ಲೇ ಸೇರುತ್ತದೆ. ಹಿಡಿತ ನಮ್ಮ ಕೈಯಲ್ಲಿದ್ದರೆ ಆ ಕಂಪನಿಯ ಕೆಳಗೆ ಇನ್ನೊಂದು ಕಂಪನಿ ಕಟ್ಟುವಂತಿಲ್ಲ. ಹಣ ಹೋದ ಆರು ತಿಂಗಳೊಳಗೆ ಷೇರು ಪತ್ರದ ಪ್ರತಿ ಬ್ಯಾಂಕಿಗೆ ಕೊಡಬೇಕು. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಅದು ಏಪ್ರಿಲ್‌-ಮಾರ್ಚ್ ಲೆಕ್ಕವಲ್ಲ, ಜನವರಿ-ಡಿಸೆಂಬರ್ ಲೆಕ್ಕ.

ನನ್ನ ಸಿಎ ಕೂಡ ಎರಡು ಸಲ ಓದಿ ಖಚಿತ ಮಾಡಿಕೊಂಡದ್ದು ಆಡಿಟ್ ವಿಷಯ. ಬ್ರಿಟನ್ನಿನಲ್ಲಿ ನಮ್ಮಂಥ ಸಣ್ಣ ಕಂಪನಿಗೆ ಆಡಿಟ್ ವಿನಾಯಿತಿ ಇದೆ. ಆದರೆ ರಿಸರ್ವ್ ಬ್ಯಾಂಕಿಗೆ ಪ್ರತಿವರ್ಷ ಡಿಸೆಂಬರ್ 31ರೊಳಗೆ ಕೊಡುವ ವಾರ್ಷಿಕ ವರದಿಗೆ, ಕಂಪನಿಯ ಹಿಡಿತ ನಮ್ಮ ಕೈಯಲ್ಲಿದ್ದರೆ, ಆಡಿಟ್ ಆದ ಲೆಕ್ಕವೇ ಬೇಕು. ಹಾಗಾಗಿ ಅಲ್ಲಿ ಬೇಡವಾದರೂ ನಾನು ಆಡಿಟ್ ಮಾಡಿಸುತ್ತೇನೆ. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ವ್ಯಾಪಾರ ಚಿಕ್ಕದಿದ್ದರೆ ಇದೊಂದೇ ಖರ್ಚು ಲಾಭ ತಿಂದುಬಿಡುತ್ತದೆ.

ಜೂನಿನಲ್ಲಿ ನೋಂದಣಿಯಾದ್ದರಿಂದ ಕಂಪನಿಯ ಲೆಕ್ಕದ ವರ್ಷ ತಾನಾಗಿ ಜೂನ್ 30ಕ್ಕೆ ಮುಗಿಯುವಂತೆ ಬಂದಿತ್ತು. ಅದನ್ನು ಮಾರ್ಚ್ 31ಕ್ಕೆ ಬದಲಿಸಿಕೊಂಡೆ. ಡಿಸೆಂಬರ್ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಈಗ ಆಡಿಟರ್ ಕೆಲಸ ದೀಪಾವಳಿಯೊಳಗೇ ಮುಗಿಯುತ್ತದೆ.